ಹವಳದ ನಡುಗಡ್ಡೆಗೆ ಗುಡೂರಿನ ಹಾದಿ

ಇಳಕಲ್ಲಿನ ಸೀರೆಯ ಮಗ್ಗಗಳಿಗೂ ಬಾದಾಮಿಯ ಕೆಂಗಲ್ಲಿನ ಬೆಟ್ಟಗಳಿಗೂ ಸಮೀಪದ ಗುಡೂರು ಅಪ್ಪಟ ಬಯಲುಸೀಮೆಯ ಊರು. ಇಲ್ಲಿನ ಸಂಸಾರಗಳಿಗೆ ಪ್ರವಾಸವೆಂದರೆ ಬನಶಂಕರಿಯ ಜಾತ್ರೆ, ಐಹೊಳೆ, ಕೂಡಲಸಂಗಮ, ಬಹಳವೆಂದರೆ ಗೋಕರ್ಣ. ಗೋಕರ್ಣದ ಮರಳಿನಲ್ಲಿ ನಿಂತ ಮಕ್ಕಳು ‘ಇದರ ಆಚೆಗೆ ಏನಿದೆ?’ ಎಂದು ಕೇಳಿದರೆ ಹಿರಿಯರು ಸುಮ್ಮನಾಗಬೇಕಿಲ್ಲ. ಆಚೆಗೆ, ತೆಂಕಣ ದಿಕ್ಕಿನಲ್ಲಿ, ಲಕ್ಷದ್ವೀಪವಿದೆ. ಒಟ್ಟು 36 ನಡುಗಡ್ಡೆಗಳು. ಎಲ್ಲವನ್ನೂ ಕೂಡಿಸಿದರೂ ನೆಲ 32 ಚದರ ಕಿಲೋಮೀಟರು ಮಾತ್ರ. ಜನವಸತಿ ಇರುವುದು ಹತ್ತರಲ್ಲಿ. 2011ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ 64,473.

ಒಂದೇ ದಿನದ ಎರಡು ಕಥೆಗಳು

ಈ ದ್ವೀಪಗಳು ಕನ್ನಡನಾಡಿಗೆ ತೀರ ಅಪರಿಚಿತವಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಎಂಬ ಐದು ದ್ವೀಪಗಳು 1787ರಲ್ಲಿ ಕಣ್ಣೂರಿನ ಅರಕ್ಕಲ್ ಮನೆತನದ ಕೈತಪ್ಪಿ ಟಿಪ್ಪೂ ಸುಲ್ತಾನನ ವಶಕ್ಕೆ ಬಂದವು. 1799ರ ಬಳಿಕ ಬ್ರಿಟಿಷರು ಅವುಗಳ ಆಡಳಿತವನ್ನು ಮಂಗಳೂರಿಗೆ ಸೇರಿಸಿದರು. ದ್ವೀಪದವರು ಹಾಯಿಹಡಗುಗಳಲ್ಲಿ ತೆಂಗಿನ ನಾರಿನ ಹುರಿಯನ್ನು ಮಂಗಳೂರಿಗೆ ತಂದು ಅಕ್ಕಿಯನ್ನು ಒಯ್ಯುತ್ತಿದ್ದರು. 1956ರ ನವೆಂಬರ್ 1ರಂದು ಮುಂಬಯಿ ರಾಜ್ಯದ ವಿಜಾಪುರ ಜಿಲ್ಲೆಯೊಂದಿಗೆ ಗುಡೂರು ಏಕೀಕೃತ ಮೈಸೂರು ರಾಜ್ಯವನ್ನು ಸೇರಿತು. ಅದೇ ದಿನ ಈ ಐದು ದ್ವೀಪಗಳು ದಕ್ಷಿಣ ಕನ್ನಡ ಜಿಲ್ಲೆಯಿಂದ ಬೇರೆಯಾಗಿ ಕೇಂದ್ರಾಡಳಿತ ಪ್ರದೇಶದ ಪಾಲಾದವು. ಒಂದೇ ದಿನ ಒಂದು ಊರು ಒಳಬಂದಿತು, ಐದು ದ್ವೀಪಗಳು ಹೊರನಡೆದವು.

ಅನುಮತಿ ಮೊದಲು, ಗಂಟುಮೂಟೆ ಆಮೇಲೆ

ಲಕ್ಷದ್ವೀಪಕ್ಕೆ ಮನಬಂದಾಗ ಹೊರಡುವಂತಿಲ್ಲ. ಹೊರಗಿನವರು 1967ರ ನಿಯಮಗಳ ಪ್ರಕಾರ ಪ್ರವೇಶದ ಅನುಮತಿಯನ್ನು ಮುಂಗಡವಾಗಿಯೇ ಪಡೆಯಬೇಕು. ಎಲ್ಲ ದ್ವೀಪಗಳೂ ಪ್ರವಾಸಿಗಳಿಗೆ ತೆರೆದಿಲ್ಲ. ಆದುದರಿಂದ ಯಾವ ದ್ವೀಪ, ಎಷ್ಟು ದಿನ ಎಂಬುದನ್ನು ಮನೆಯಲ್ಲಿ ಕುಳಿತಾಗಲೇ ನಿಶ್ಚಯಿಸಬೇಕು. ಮುಂಗಾರಿನ ತಿಂಗಳುಗಳಲ್ಲಿ ಕಡಲು ಒರಟು. ಅಕ್ಟೋಬರಿನಿಂದ ಮೇ ತಿಂಗಳ ಮೊದಲ ಭಾಗದವರೆಗಿನ ಕಾಲ ಅನುಕೂಲವಾದುದರಿಂದ, ಶಾಲೆಯ ಮಕ್ಕಳಿರುವ ಮನೆಗೆ ದಸರೆಯ ರಜೆ ಇಲ್ಲವೆ ಏಪ್ರಿಲ್ ಒಳ್ಳೆಯದು.

ಬಾದಾಮಿ ಅಥವಾ ಬಾಗಲಕೋಟೆಯಲ್ಲಿ ರೈಲು ಹತ್ತಿ ಹುಬ್ಬಳ್ಳಿಯ ಮೇಲೆ ಬೆಂಗಳೂರು, ಅಲ್ಲಿಂದ ಎರ್ನಾಕುಲಂ. ಕೊಚ್ಚಿಯ ಬಂದರಿನಿಂದ ಹಡಗಿನ ಪ್ರಯಾಣ ದ್ವೀಪಕ್ಕೆ ತಕ್ಕಂತೆ ಹದಿನಾಲ್ಕರಿಂದ ಹದಿನೆಂಟು ಗಂಟೆ. ವಿಮಾನವೇ ಬೇಕೆಂದವರಿಗೆ ಅಗತ್ತಿಯಲ್ಲಿ 1988ರಿಂದ ನಿಲ್ದಾಣವಿದೆ. ಕಡಲಿನ ಮಾತನ್ನು ಹೇಳಲಾಗದು. ಹಿಂದಿರುಗುವ ರೈಲಿಗೂ ಹಡಗಿಗೂ ನಡುವೆ ಎರಡು ದಿನ ಬಿಡುವಿರಲಿ. ಪ್ರವಾಸಿಗೆ ವಿಲಾಸವಾದ ಆ ಹಡಗು ದ್ವೀಪದವರಿಗೆ ಆಸ್ಪತ್ರೆಗೂ ಕಾಲೇಜಿಗೂ ಹೋಗುವ ದಾರಿ ಎಂಬುದನ್ನು ಮರೆಯಬಾರದು.

ದ್ವೀಪದ ಊಟದಲ್ಲಿ ಮೀನು ಮತ್ತು ತೆಂಗು ಮುಖ್ಯ. ಸಸ್ಯಾಹಾರಿಗಳು ಇದನ್ನು ಮೊದಲೇ ತಿಳಿಸಿ ವಿಚಾರಿಸುವುದು ಮೇಲು. ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಗಂಟೊಂದು ಜೊತೆಗಿದ್ದರೆ ಗುಡೂರಿನವರಿಗೆ ಯಾವ ಕಡಲೂ ಭಯವಲ್ಲ.

ಹವಳದ ಪೌಳಿ, ಒಳಗೆ ತಿಳಿನೀರು

ಅನೇಕ ಕಡೆ ಹಡಗು ದಡಕ್ಕೆ ಹೋಗುವುದಿಲ್ಲ. ಹವಳದ ದಿಬ್ಬ ಪೌಳಿಯಂತೆ ಅಡ್ಡವಿರುವುದರಿಂದ ಹೊರಗೇ ನಿಲ್ಲುತ್ತದೆ; ಪ್ರಯಾಣಿಕರು ದೋಣಿಗಿಳಿದು ಸಾಗಬೇಕು. ದಿಬ್ಬದ ಒಳಗಿನ ಆಳವಿಲ್ಲದ ತಿಳಿನೀರಿಗೇ ಲಗೂನು ಎಂದು ಹೆಸರು. ಹೊರಗೆ ಅಪ್ಪಳಿಸುವ ಅಲೆ ದಿಬ್ಬಕ್ಕೆ ತಾಗಿ ಮುರಿಯುತ್ತದೆ. ಒಳಗೆ ಕೆರೆಯಂಥ ಶಾಂತಿ. ಈ ಪೌಳಿಯನ್ನು ಕಟ್ಟಿದವು ಕಣ್ಣಿಗೆ ಕಾಣುವಷ್ಟೇ ದೊಡ್ಡದಾದ ಜೀವಿಗಳು. ಕಟ್ಟಲು ಹಿಡಿದುದು ಸಾವಿರಾರು ವರ್ಷ. ನೀರು ಮಿತಿಮೀರಿ ಬೆಚ್ಚಗಾದಾಗ ಹವಳ ಬಣ್ಣಗೆಟ್ಟು ಬೆಳ್ಳಗಾಗುತ್ತದೆ. 1998, 2010 ಮತ್ತು 2016ರಲ್ಲಿ ಲಕ್ಷದ್ವೀಪದ ಹವಳಕ್ಕೆ ಈ ವಿಪತ್ತು ಒದಗಿತು. ಪೌಳಿ ಸತ್ತು ಸವೆದರೆ ಅಲೆ ನೇರವಾಗಿ ಮನೆಯಂಗಳಕ್ಕೆ ಬರುತ್ತದೆ. ಆದುದರಿಂದ ಹವಳದ ಮೇಲೆ ಕಾಲಿಡಬಾರದು. ಅದರ ತುಂಡನ್ನು ನೆನಪಿಗೆಂದು ತರುವುದು ಕಾನೂನಿಗೂ ವಿರುದ್ಧ.

ಕೊಡ ನೀರಿನ ಬೆಲೆ

ಸುತ್ತ ಕಡಲಿದ್ದರೂ ದ್ವೀಪದ ಕಷ್ಟ ಕುಡಿಯುವ ನೀರಿನದೇ. ಅಲ್ಲಿ ಹೊಳೆಯಿಲ್ಲ, ಹಳ್ಳವಿಲ್ಲ. ಮಳೆಯ ಸಿಹಿನೀರು ಮರಳಿನೊಳಗೆ ಇಂಗಿ, ಉಪ್ಪುನೀರಿಗಿಂತ ಹಗುರವಾದುದರಿಂದ ಅದರ ಮೇಲೆ ತೆಳ್ಳಗೆ ತೇಲಿ ನಿಲ್ಲುತ್ತದೆ. ಅವಸರದಿಂದ ಹೆಚ್ಚು ಸೇದಿದರೆ ಅಡಿಯ ಉಪ್ಪು ಮೇಲಕ್ಕೇರಿ ಬಾವಿ ಕೆಡುತ್ತದೆ. ಈ ತೊಂದರೆಗಾಗಿಯೇ 2005ರಲ್ಲಿ ಕವರತ್ತಿಯಲ್ಲಿ ಕಡಲಿನ ನೀರನ್ನು ಸಿಹಿಮಾಡುವ ಸ್ಥಾವರವನ್ನು ನಿರ್ಮಿಸಲಾಯಿತು. ದಿನಕ್ಕೆ ಒಂದು ಲಕ್ಷ ಲೀಟರು ಅದರ ಸಾಮರ್ಥ್ಯ.

ನಲ್ಲಿ ತಿರುಗಿಸಿ ಬೆಳೆದ ಪಟ್ಟಣದವರಿಗೆ ಇದು ಹೊಸ ಪಾಠವಾಗಬಹುದು. ಬೇಸಗೆಯಲ್ಲಿ ಕೊಡ ಎಣಿಸಿ ನೀರು ಬಳಸಿದ ಬಯಲುಸೀಮೆಯ ತಾಯಂದಿರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಕಡಲನ್ನು ಕಾಣದ ಊರಿನಿಂದ ಹೊರಟವರು ದ್ವೀಪಕ್ಕೆ ಒಳ್ಳೆಯ ಅತಿಥಿಗಳಾಗಬಲ್ಲರು ಎನ್ನುವುದು ಇದಕ್ಕಾಗಿಯೇ. ಅನುಮತಿಪತ್ರ, ಹಡಗಿನ ಚೀಟಿ, ರೊಟ್ಟಿಯ ಗಂಟುಗಳ ಜೊತೆಗೆ ನೀರಿನ ಆ ಮಿತವ್ಯಯವನ್ನೂ ಒಯ್ದರೆ ಪ್ರವಾಸದ ಸಿದ್ಧತೆ ಪೂರ್ಣವಾದಂತೆಯೇ.