‘ನನ್ನ ಲ್ಯಾಪ್‌ಟಾಪ್‌ನಲ್ಲಿ ಓಡ್ತಿತ್ತು ಸಾರ್!’

2012ರಲ್ಲಿ ಎಂಜಿನಿಯರಿಂಗ್ ಪ್ರಾಜೆಕ್ಟ್ ಡೆಮೊ ದಿನ ಲ್ಯಾಬ್ ಕಂಪ್ಯೂಟರ್‌ನಲ್ಲಿ ನಮ್ಮ ವೆಬ್‌ಸೈಟ್ ತೆರೆಯಲೇ ಇಲ್ಲ. ನನ್ನ ಲ್ಯಾಪ್‌ಟಾಪ್‌ನಲ್ಲಿದ್ದದ್ದು ಪಿಎಚ್‌ಪಿ 5.4, ಅಲ್ಲಿ 5.3. ಅರೇಯನ್ನು ಚೌಕ ಆವರಣದಲ್ಲಿ ಬರೆದಿದ್ದೆ, 5.3ಕ್ಕೆ ಅದು ಅರ್ಥವೇ ಆಗಲ್ಲ. ಮಾರ್ಕ್ಸ್ ಹೋಯ್ತು.

ಮರುವರ್ಷ ಬಂದ ಡಾಕರ್ ಈ ಕಾಯಿಲೆಗೇ ಮದ್ದು. ಯಾವ ಪಿಎಚ್‌ಪಿ, ಯಾವ ಮೈಎಸ್‌ಕ್ಯೂಎಲ್ ಬೇಕೆಂದು ಕಂಪೋಸ್ ಫೈಲ್‌ನಲ್ಲಿ ಬರೆದಿಡಿ. ‘ಡಾಕರ್ ಕಂಪೋಸ್ ಅಪ್’ ಎಂದರೆ ಒಂದೊಂದೂ ತನ್ನದೇ ಕಂಟೇನರ್‌ನಲ್ಲಿ ಶುರುವಾಗುತ್ತದೆ. ನಿಮ್ಮ ಕಂಪ್ಯೂಟರ್‌ನಲ್ಲಿ ಮೊದಲೇ ಯಾವ ಪಿಎಚ್‌ಪಿ ಇದೆ ಅನ್ನೋದು ಲೆಕ್ಕಕ್ಕೇ ಬರಲ್ಲ.

ಆದರೆ ಆವೃತ್ತಿಯ ಜಾಗದಲ್ಲಿ ‘ಲೇಟೆಸ್ಟ್’ ಎಂದು ಬರೆದು ಸುಮ್ಮನಾಗಬೇಡಿ. ಇವತ್ತಿನ ಲೇಟೆಸ್ಟೇ ಬೇರೆ, ಆರು ತಿಂಗಳ ನಂತರದ್ದೇ ಬೇರೆ. ಆಗ ತಂಡಕ್ಕೆ ಹೊಸದಾಗಿ ಸೇರಿದ ಹುಡುಗಿ ‘ನಿಮ್ಮಲ್ಲಿ ಓಡುತ್ತೆ, ನನ್ನಲ್ಲಿ ಓಡ್ತಿಲ್ಲ’ ಅಂತ ನನ್ನ ಹಾಗೇ ಪೆಚ್ಚಾಗಿ ನಿಲ್ತಾಳೆ. ನಂಬರನ್ನೇ ಬರೆದಿಡಿ.