ಹೆಸರಳಿದರೂ ಉಳಿಯುವ ಮೊಗ

ಕಳೆದ ವರ್ಷ ತೀರದ ತಲೆನೋವಿನ ನಿಮಿತ್ತ ನಾನು ಎಂ.ಆರ್.ಐ. ಯಂತ್ರದ ಸುರಂಗದಲ್ಲಿ ಮಲಗಬೇಕಾಯಿತು. ತೆರೆಯ ಮೇಲೆ ಮೂಡಿದ ಚಿತ್ರದಲ್ಲಿ ಮೆದುಳು ಮಾತ್ರವಲ್ಲ, ನಮ್ಮ ಮನೆತನದ ಬಾಗಿದ ಮೂಗೂ ಕಂಡಿತು. ಅದನ್ನು ಸಂಶೋಧನೆಗೆ ಕೊಡಬಹುದೆ ಎಂದು ಕೇಳುವ ಕಾಗದವೊಂದು ಮುಂದೆ ಬಂದಿತು. ‘ಹೆಸರು ಇರುವುದಿಲ್ಲ’ ಎಂಬ ಅಭಯ ಅದರಲ್ಲಿತ್ತು. ಸಹಿಗೆಂದು ಎತ್ತಿದ ಕೈ ಅಲ್ಲಿಯೇ ನಿಂತಿತು.

ಹೆಸರನ್ನು ಮರೆಸಿದರೆ ಸಾಕೆಂಬುದು ಹಿಂದಿನ ನಂಬಿಕೆ. 1953ರಲ್ಲಿ ಅಮೆರಿಕದ ಹೆನ್ರಿ ಮೊಲೈಸನ್ ಎಂಬಾತನಿಗೆ ಮೂರ್ಛೆರೋಗದ ನಿವಾರಣೆಗಾಗಿ ಮೆದುಳಿನ ಶಸ್ತ್ರಚಿಕಿತ್ಸೆಯಾಗಿ, ಹೊಸ ನೆನಪನ್ನು ಹಿಡಿದಿಡುವ ಶಕ್ತಿಯೇ ಅಳಿಯಿತು. ನೆನಪಿನ ಶಾಸ್ತ್ರ ಅವನಿಗೆ ತುಂಬ ಋಣಿ. ಆದರೂ 2008ರಲ್ಲಿ ಅವನು ತೀರಿಕೊಳ್ಳುವವರೆಗೆ ಲೋಕ ಅವನನ್ನು ಅರಿತದ್ದು ‘ಎಚ್. ಎಂ.’ ಎಂಬ ಎರಡಕ್ಷರಗಳಿಂದ. ಆ ಎರಡಕ್ಷರಗಳೇ ಅವನ ಮನೆಯ ಬಾಗಿಲನ್ನು ಕಾದವು.

ಇಂದು ಕಾಲ ಬೇರೆ. ಬ್ರಿಟನ್ನಿನ ಯುಕೆ ಬಯೋಬ್ಯಾಂಕ್ ಸಂಸ್ಥೆ 2014ರಿಂದ 2025ರವರೆಗೆ ಒಂದು ಲಕ್ಷ ಜನರ ಮೆದುಳು ಮೊದಲಾದ ಅಂಗಗಳನ್ನು ಚಿತ್ರಿಸಿತು. ಅನುಮತಿ ಪಡೆದ ನಾನಾ ದೇಶಗಳ ವಿದ್ವಾಂಸರು ಅವನ್ನು ಬಳಸುತ್ತಾರೆ. ಇದು ತಪ್ಪಲ್ಲ; ಒಂದು ಪ್ರಯೋಗಶಾಲೆಯ ಹತ್ತಿಪ್ಪತ್ತು ಚಿತ್ರಗಳಿಂದ ಮರೆವಿನ ರೋಗದ ಮರ್ಮ ತಿಳಿಯದು.

ಆದರೆ 2019ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ಸಂಶೋಧಕರು ಒಂದು ಪರೀಕ್ಷೆಯನ್ನು ಪ್ರಕಟಿಸಿದರು. 84 ಸ್ವಯಂಸೇವಕರ ತಲೆಯ ಚಿತ್ರಗಳಿಂದ ಮೊಗವನ್ನು ಮರಳಿ ರೂಪಿಸಿ, ಮುಖ ಗುರುತಿಸುವ ತಂತ್ರಾಂಶದ ಮುಂದಿಟ್ಟಾಗ, ಅದು 70 ಮಂದಿಯನ್ನು ಅವರವರ ಭಾವಚಿತ್ರದೊಡನೆ ಸರಿಯಾಗಿ ಹೊಂದಿಸಿತು! ಎರಡಕ್ಷರದ ಕಾವಲು ಇಲ್ಲಿ ಏನು ಮಾಡೀತು?

ಮೊಗದ ಭಾಗವನ್ನು ಅಳಿಸಿ ಹಂಚಿದರಾಯಿತು ಎನ್ನಬಹುದು. ಅಳಿಸಲೇಬೇಕು. ಆದರೆ ಮೆದುಳಿನ ಮಡಿಕೆಗಳೂ ಬೆರಳಚ್ಚಿನಂತೆ ಒಬ್ಬೊಬ್ಬರಿಗೆ ಒಂದೊಂದು ಬಗೆ. ಮೇಲಾಗಿ, ಕೊಟ್ಟವನು ನಾಳೆ ಬೇಡವೆಂದರೆ ಹತ್ತು ದೇಶಗಳನ್ನು ಸೇರಿದ ಪ್ರತಿಗಳನ್ನು ಮರಳಿ ತರುವವರಾರು?

ನಂಬಿ ಒಪ್ಪಿಸಿದ ಒಡವೆಯನ್ನು ನಮ್ಮ ಹಿರಿಯರು ನ್ಯಾಸವೆಂದು ಕರೆದರು. ಅದು ಕೈಯಿಂದ ಕೈಗೆ ಸಾಗಿದಾಗ ಹೊಣೆಯೂ ಜೊತೆಗೆ ಸಾಗಬೇಕು. ಯಾರು ಪಡೆದರು, ಯಾವ ಕಾರ್ಯಕ್ಕೆ ಪಡೆದರು ಎಂಬ ಲೆಕ್ಕವಿರಬೇಕು. ಗುರುತನ್ನು ಹುಡುಕೆನೆಂಬ ವಚನವಿರಬೇಕು. ವಚನ ಮುರಿದವನಿಗೆ ದಂಡವೂ ಇರಬೇಕು.

ಕೊನೆಗೆ ನಾನು ಸಹಿ ಹಾಕಿದೆನು, ನಿಜ. ಆದರೆ ಮೂಗನ್ನು ಅಳಿಸುವಿರಾ, ಪಡೆದವರ ಮಾತನ್ನು ಬರೆಸಿಕೊಳ್ಳುವಿರಾ ಎಂದು ಮೊದಲು ಕೇಳಿದೆನು. ಕೊಡುವವನಿಗೆ ಕೇಳುವ ಹಕ್ಕೂ ಉಂಟಷ್ಟೆ.