ವಿಲನ್ ಮೈಕಲ್ಲ, ನಮ್ಮದೇ ಡೈಲಾಗು!

ಹತ್ತು ವರ್ಷದಿಂದ ಸಿನಿಮಾ ಪುಟಕ್ಕೆ ಬರೆಯುತ್ತಿರುವವನು ನಾನು. ಆದರೂ ಪತ್ರಿಕಾಗೋಷ್ಠಿಯಲ್ಲಿ ಮೈಕು ಕೈಗೆ ಬಂತೆಂದರೆ ಎದೆ ಢವಢವ, ಅಂಗೈ ಒದ್ದೆ! ಒಮ್ಮೆ ಗಾಂಧಿನಗರದಲ್ಲಿ ದೊಡ್ಡ ಹೀರೋ ಎದುರು ನಿಂತು, ಕೇಳಬೇಕಾದ ಪ್ರಶ್ನೆ ಮರೆತು, 'ಊಟ ಆಯ್ತಾ ಸಾರ್?' ಅಂದುಬಿಟ್ಟೆ. ಸುತ್ತಲೂ ಗೊಳ್ಳೆಂದು ನಗು. ಅಂದಿನಿಂದ ಮೈಕು ಕಂಡರೆ ಮೂಲೆ ಹುಡುಕತೊಡಗಿದೆ.

ಕಣ್ಣು ತೆರೆಸಿದ್ದು ಅಮೆರಿಕದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಎಲ್ಲಿಸ್ ಕಥೆ. ಕಥೆಯಲ್ಲ, ನಡೆದದ್ದು!

1913ರಲ್ಲಿ ಹುಟ್ಟಿದ ಎಲ್ಲಿಸ್‌ಗೆ 19ರ ಹರೆಯದಲ್ಲಿ ಹೆಣ್ಣುಮಕ್ಕಳೊಡನೆ ಮಾತಾಡಲು ಭಯವೋ ಭಯ. ತನಗೆ ತಾನೇ ಶರತ್ತು ಹಾಕಿಕೊಂಡ: ನ್ಯೂಯಾರ್ಕಿನ ಬ್ರಾಂಕ್ಸ್ ಸಸ್ಯೋದ್ಯಾನದ ಬೆಂಚಿನಲ್ಲಿ ಒಬ್ಬಳೇ ಕೂತವಳು ಕಂಡರೆ, ಪಕ್ಕ ಕೂತು ಒಂದು ನಿಮಿಷದೊಳಗೆ ಮಾತು ಶುರುಮಾಡಬೇಕು. ಒಂದು ತಿಂಗಳಿನ ಲೆಕ್ಕ ಅವನೇ ಮುಂದೆ ಹೇಳಿಕೊಂಡಿದ್ದಾನೆ. 130 ಮಂದಿಯ ಪಕ್ಕ ಕೂತ. 30 ಮಂದಿ ಎದ್ದು ನಡೆದರು. 100 ಮಂದಿಯೊಡನೆ ಮಾತಾಡಿದ. ಒಬ್ಬಳು ಮತ್ತೆ ಸಿಗ್ತೀನಿ ಅಂದಳು. ಅವಳೂ ಬರಲಿಲ್ಲ!

ಫ್ಲಾಪ್ ಅಂತೀರಾ? ಅಲ್ಲ ಸ್ವಾಮೀ, ಸೂಪರ್ ಹಿಟ್! ಯಾರೂ ಪೊಲೀಸರನ್ನು ಕರೀಲಿಲ್ಲ, ಆಕಾಶ ಕಳಚಿ ಬೀಳಲಿಲ್ಲ. 'ಬೇಡ ಅಂದರೆ ನಾನು ಮುಗಿದೆ' ಎಂಬ ನಂಬಿಕೆ ಸುಳ್ಳಾಯಿತು; ಭಯದ ಬೇರೇ ಕಿತ್ತುಬಂತು. (ಹಾಗಂತ ಹುಡುಗಿಯರ ಬೆನ್ನು ಹತ್ತಬೇಡಿ ಮಾರಾಯ್ರೇ, ನಾನು ಹೇಳೋದು ಅದಲ್ಲ!)

1955ರಲ್ಲಿ ಆತ ಶುರುಮಾಡಿದ ಚಿಕಿತ್ಸೆಯ ತಿರುಳು ಎ, ಬಿ, ಸಿ. ಎ ಅಂದರೆ ಘಟನೆ; ಬಿ, ಅದರ ಬಗ್ಗೆ ನಮ್ಮ ನಂಬಿಕೆ; ಸಿ, ಹುಟ್ಟುವ ಭಯ. ಎ ಇಂದಲೇ ಸಿ ಬಂತು ಅಂದುಕೊಳ್ತೀವಿ. ನಡುವೆ ಬಿ ಅಡಗಿ ಕೂತಿರ್ತಾನೆ, ತೆರೆಮರೆಯ ವಿಲನ್!

ನನ್ನ ಬಿ ಹುಡುಕಿದೆ: 'ನಾನು ತಪ್ಪಲೇಬಾರದು, ತಪ್ಪಿದರೆ ಮರ್ಯಾದೆ ಹೋಯ್ತು.' ಇದಕ್ಕೆ ಸಾಕ್ಷಿ ಎಲ್ಲಿ? ಡೈಲಾಗ್ ತಿದ್ದಿದೆ: 'ತಪ್ಪದಿದ್ದರೆ ಚೆನ್ನ. ತಪ್ಪಿದರೆ ನಾಲ್ಕು ಜನ ನಗ್ತಾರೆ, ಆಮೇಲೆ ಕಾಫಿಗೆ ಹೋಗ್ತಾರೆ.' ಬಾಯಲ್ಲಿ ಹೇಳಿಕೊಂಡರೆ ಸಾಲದು, ಪರೀಕ್ಷಿಸಬೇಕು. ಪ್ರತಿ ಗೋಷ್ಠಿಯಲ್ಲೂ ಮೊದಲ ಪ್ರಶ್ನೆ ನನ್ನದೇ ಅಂತ ಹಠ ಹಿಡಿದೆ. ಮೊದಲ ಸಲ ತೊದಲಿದೆ, ಎರಡನೇ ಸಲವೂ. ಐದನೇ ಸಲ ಕೈ ನಡುಗುತ್ತಿದ್ದರೂ ಪ್ರಶ್ನೆ ಪೂರ್ತಿಯಾಯಿತು!

ಭಯದಿಂದ ನಿದ್ದೆ, ಊಟವೇ ಬಿಟ್ಟಿದ್ದರೆ ಮಾತ್ರ ಡಾಕ್ಟರನ್ನು ಕಾಣಿ, ಅದರಲ್ಲಿ ನಾಚಿಕೆ ಏನಿಲ್ಲ.

ಮೊನ್ನೆ ಅದೇ ಹೀರೋ ಸಿಕ್ಕರು. 'ಊಟ'ದ ಪ್ರಸಂಗ ಜ್ಞಾಪಿಸಿ ಕ್ಷಮೆ ಕೇಳಿದೆ.

ಅವರಿಗೆ ನೆನಪೇ ಇರಲಿಲ್ಲ!